‘ಡಾಗ್‌ಫೈಟ್’: ಕನ್ನಡಕ್ಕೆ ಬಾರದ ನಾಯಿ

ನಾಯಿಗಳನ್ನು ಪಣವೊಡ್ಡಿ ಕಾದಾಡಿಸುವ ರಕ್ತಕ್ರೀಡೆ ಇಂಗ್ಲೆಂಡಿನಲ್ಲಿ 1835ರ ಶಾಸನದಿಂದ ನಿಷಿದ್ಧವಾಯಿತು. ‘ಡಾಗ್‌ಫೈಟ್’ ಎಂಬ ಸಮಸ್ತಪದ ಮಾತ್ರ ಉಳಿದು, ಗೊಂದಲದ ಹೊಯ್‌ಕೈ ಎಂಬ ವಿಶಾಲಾರ್ಥವನ್ನು ಪಡೆದು, ಮೊದಲನೆಯ ಮಹಾಯುದ್ಧದ ಕಾಲಕ್ಕೆ ಯುದ್ಧವಿಮಾನಗಳ ನಿಕಟ ಸೆಣಸಾಟಕ್ಕೂ ಅನ್ವಯವಾಯಿತು. ಎಂಜಿನ್ನಿನ ಸದ್ದು ಬೊಗಳಿದಂತಿತ್ತೆಂಬ ಜನಪ್ರಿಯ ನಿರುಕ್ತಿಯ ಅಗತ್ಯವಿಲ್ಲ. ಆ ವಿಶಾಲಾರ್ಥವೇ ಸಾಕು.

ಇಲ್ಲಿ ಉತ್ತರಪದ ವಾಚ್ಯವಾಗಿಯೇ ಉಳಿದಿದೆ, ರೂಪಕದ ಭಾರವೆಲ್ಲ ಪೂರ್ವಪದದ್ದು. ಕನ್ನಡವು ಆ ಪೂರ್ವಪದವನ್ನೇ ಕೈಬಿಟ್ಟು ‘ವೈಮಾನಿಕ ಕಾಳಗ’ ಎನ್ನುತ್ತದೆ. ‘ಟಗರು ಕಾಳಗ’ಕ್ಕೆ ಕಣವುಂಟು, ನೋಟಕರುಂಟು, ಗೆಲುವುಂಟು. ತುಳುನಾಡಿನ ‘ಕೋಳಿ ಅಂಕ’ದಲ್ಲಿರುವ ‘ಅಂಕ’ಕ್ಕಂತೂ ಹಳಗನ್ನಡದಲ್ಲೇ ಕಾಳಗವೆಂಬ ಅರ್ಥವಿದೆ. ‘ನಾಯಿಜಗಳ’ದಲ್ಲಿ ಇವೊಂದೂ ಇಲ್ಲ, ಇರುವುದು ತಿರಸ್ಕಾರವೊಂದೇ. ಅದನ್ನು ‘ಶ್ವಾನಕಾಳಗ’ವೆಂದು ಸಂಸ್ಕೃತೀಕರಿಸಿದರೂ ಓದುಗ ಆಕಾಶದಲ್ಲಿ ನಾಯಿಯನ್ನೇ ಹುಡುಕುತ್ತಾನೆ.

ಹೆಚ್ಚು ತೊಡಕಿರುವುದು ಮೂಲಾರ್ಥದಲ್ಲಿ. ಪ್ರಾಣಿಗಳನ್ನು ಕಾದಾಟಕ್ಕೆ ಪ್ರಚೋದಿಸುವುದು ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ದ್ವಿಭಾಷಾ ನಿಘಂಟು ಈ ಅರ್ಥಕ್ಕೆ ‘ನಾಯಿಜಗಳ’ವೆಂದು ಕೊಟ್ಟರೆ ಕಚ್ಚಾಡಿದ್ದು ನಾಯಿಗಳು ಮಾತ್ರ, ಪ್ರಚೋದಿಸಿದವನು ವ್ಯಾಕರಣದಿಂದಲೇ ಮರೆಯಾಗುತ್ತಾನೆ. ‘ನಾಯಿಗಳನ್ನು ಕಾದಾಡಿಸುವುದು’ ಎಂಬಲ್ಲಿ ಪ್ರೇರಣಾರ್ಥಕ ‘-ಇಸು’ ಪ್ರತ್ಯಯವು ಅವನನ್ನು ಮರಳಿ ಕಣಕ್ಕೆ ಎಳೆತರುತ್ತದೆ.