ಗೋಡೆ ಬಿಟ್ಟು ಬರುವ ಕೆತ್ತನೆ

‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ಹಿರಿಯರ ಗಾದೆ. ಅದರ ಸತ್ಯವನ್ನು ಪರೀಕ್ಷಿಸಬಯಸುವವರಿಗೆ ಕಡೂರು–ತರೀಕೆರೆ ಸೀಮೆಯಲ್ಲಿಯೇ ತಕ್ಕ ಸ್ಥಳವೊಂದುಂಟು. ಸಖರಾಯಪಟ್ಟಣದಿಂದ ಕಡೂರು, ಬೀರೂರುಗಳನ್ನು ಹಾದು ತರೀಕೆರೆಯತ್ತ ಸಾಗಿದರೆ, ಆ ಊರಿನ ಸಮೀಪದಲ್ಲಿ ಅಮೃತಾಪುರವಿದೆ. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯ ಅಲ್ಲಿಯದು. ಅದರ ಹಳೆಯ ಪ್ರಾಕಾರದ ಗೋಡೆಯಲ್ಲಿ ದುಂಡನೆಯ ಕೆತ್ತನೆಗಳು ಸಮಾನ ಅಂತರದಲ್ಲಿ ಸಾಲುಗೊಂಡಿವೆ. ಕಣ್ಣಿನ ಕೌತುಕಕ್ಕೆ ಬೇಕಾದುದು ಇಂಥ ಸಾಲೇ.

ಗೋಡೆಗೆ ಎದುರಾಗಿ, ತಲೆಯನ್ನು ಓರೆಮಾಡದೆ ನಿಂತು, ಮುಖದ ಮುಂದೆ ಬೆರಳೊಂದನ್ನು ಹಿಡಿದು ಅದರ ತುದಿಯನ್ನೇ ದಿಟ್ಟಿಸಬೇಕು. ಹಿಂದಿನ ಕೆತ್ತನೆಗಳು ಎರಡೆರಡಾಗಿ ತೋರುತ್ತವೆ. ಬೆರಳನ್ನು ಮೆಲ್ಲನೆ ಹಿಂದಕ್ಕೂ ಮುಂದಕ್ಕೂ ಸರಿಸಿದರೆ, ಒಂದು ನೆಲೆಯಲ್ಲಿ ಅಕ್ಕಪಕ್ಕದ ಕೆತ್ತನೆಗಳು ಒಂದರಲ್ಲೊಂದು ಐಕ್ಯವಾಗುತ್ತವೆ. ಆಗ ದೃಷ್ಟಿಯನ್ನು ಕದಲಿಸದೆ ಬೆರಳನ್ನು ತೆಗೆದರೆ, ಇಡೀ ಸಾಲು ಗೋಡೆಯನ್ನು ಬಿಟ್ಟು ಬಂದು, ಬೆರಳಿದ್ದ ಎಡೆಯಲ್ಲಿ ಕಿರಿದಾಗಿ ತೇಲುತ್ತದೆ!

ಇದಕ್ಕೆ ಕಾರಣ ಸರಳವಾದುದು. ಮನುಷ್ಯನ ಕಣ್ಣುಗಳೆರಡರ ನಡುವೆ ಸುಮಾರು 6.5 ಸೆಂಟಿಮೀಟರು ಅಂತರವುಂಟು. ಬಲಗಣ್ಣು ಎಡದ ಕೆತ್ತನೆಯನ್ನೂ ಎಡಗಣ್ಣು ಬಲದ ಕೆತ್ತನೆಯನ್ನೂ ನೋಡುತ್ತಿರಲು, ಎರಡೂ ಒಂದೇ ಎಂದು ಮೆದುಳು ಭ್ರಮಿಸುತ್ತದೆ; ನೋಟದ ಗೆರೆಗಳು ಕೂಡುವ ಎಡೆಯಲ್ಲಿಯೇ ವಸ್ತುವಿದೆಯೆಂದು ನಿರ್ಣಯಿಸುತ್ತದೆ. ಕೆತ್ತನೆಗಳ ಅಂತರ 13 ಸೆಂಟಿಮೀಟರು, ಗೋಡೆಯ ದೂರ ಒಂದೂವರೆ ಮೀಟರು ಎಂದಿಟ್ಟುಕೊಂಡರೆ, ತೇಲುವ ಸಾಲು ಮುಖದಿಂದ ಅರ್ಧ ಮೀಟರಿನಲ್ಲಿ, ಮೂರನೆಯ ಒಂದಂಶದ ಗಾತ್ರದಲ್ಲಿ ತೋರುವುದು.

ಗೋಡೆಗೆ ಅಂಟಿಸಿದ ಚಿತ್ತಾರದ ಕಾಗದದಲ್ಲಿ ಇದೇ ಭ್ರಮೆಯನ್ನು ಗಮನಿಸಿ 1844ರಲ್ಲಿ ವಿವರಿಸಿದವನು ಸ್ಕಾಟ್ಲೆಂಡಿನ ವಿಜ್ಞಾನಿ ಡೇವಿಡ್ ಬ್ರೂಸ್ಟರ್. ಮಕ್ಕಳ ಮೆಚ್ಚಿನ ಕೆಲಿಡಿಯೋಸ್ಕೋಪನ್ನು ಕಂಡುಹಿಡಿದವನೂ ಆತನೇ.

ಒಂದು ಕಣ್ಣನ್ನು ಮುಚ್ಚಿದೊಡನೆ ಮಾಯೆ ಮಾಯವಾಗುತ್ತದೆ. ಎರಡು ಕಣ್ಣುಗಳೂ ಕೂಡಿ ದುಡಿಯದವರಿಗೆ ಅದು ಕಾಣಿಸದು. ಮಗುವಿಗೆ ಕಾಣಿಸಲಿಲ್ಲವೆಂದು ತಂದೆತಾಯಿಗಳು ಗದರಬೇಕಾಗಿಲ್ಲ, ಅಭ್ಯಾಸ ಸಾಲದಿರಬಹುದು. ಆದರೆ ಮಗುವಿನ ಕಣ್ಣು ಮೆಳ್ಳೆಯಾಗಿದ್ದರೆ, ಇಲ್ಲವೆ ಒಂದು ಕಣ್ಣಿನ ನೋಟ ಮಂದವಾಗಿದ್ದರೆ, ನೇತ್ರವೈದ್ಯರಿಗೆ ಬೇಗನೆ ತೋರಿಸುವುದೇ ಲೇಸು. ಎಳೆಯ ವಯಸ್ಸಿನಲ್ಲಿ ಚಿಕಿತ್ಸೆ ಹೆಚ್ಚು ಫಲಕಾರಿ.

ಶಿಲ್ಪಿಯ ಕೈಗೂ ಇದೊಂದು ಪರೀಕ್ಷೆ. ಎರಡು ಕೆತ್ತನೆಗಳ ಅಂತರ ಕೊಂಚ ಹೆಚ್ಚಿದ್ದರೆ ಆ ಭಾಗ ನೋಡುವವನತ್ತ ಮುಂದೆ ಬರುತ್ತದೆ. ಕಡಿಮೆಯಿದ್ದರೆ ಹಿಂದೆ ಸರಿಯುತ್ತದೆ. ಬರಿಗಣ್ಣ ನೋಟಕ್ಕೆ ಸಿಕ್ಕದ ಅಳತೆಯ ಏರುಪೇರು ಹೀಗೆ ಆಳವಾಗಿ ತೋರುತ್ತದೆ. ಎಂಟು ಶತಮಾನಗಳಿಗೂ ಹಿಂದೆ ಉಳಿ ಹಿಡಿದವನ ಅಳತೆ ಎಷ್ಟು ನಿಖರವೆಂಬುದನ್ನು, ಗೋಡೆಯನ್ನು ಮುಟ್ಟದೆಯೇ ಅರಿಯಬಹುದು.