ಕಟ್ಟುವ ಮೊದಲೇ ರೆಕ್ಕೆಯ ತೂಕ

ಮಂಗಳೂರಿನ ಬಜ್ಪೆ ನಿಲ್ದಾಣದಲ್ಲಿ ಇಳಿಯುವ ಬೋಯಿಂಗ್ 737-800 ವಿಮಾನದ ರೆಕ್ಕೆ ಎಷ್ಟು ತೂಗಬಹುದು? ತಕ್ಕಡಿ ಬೇಡ, ಎರಡು ಅಂಕಿ ಸಾಕು. ರೆಕ್ಕೆಯ ಹರವು ಸುಮಾರು 125 ಚದರ ಮೀಟರ್. ಈ ಜಾತಿಯ ಪ್ರಯಾಣಿಕ ವಿಮಾನಗಳಿಗೆ ಚದರ ಮೀಟರಿಗೆ ಹತ್ತಿರಹತ್ತಿರ 50 ಕಿಲೋ ಎಂದು ವಿನ್ಯಾಸಕಾರರು ಹಿಡಿಯುತ್ತಾರೆ. ಗುಣಿಸಿದರೆ ಆರು ಟನ್ ಚಿಲ್ಲರೆ. ಈ ವಿಮಾನ ಹೊರಡುವಾಗ ಗರಿಷ್ಠ 79 ಟನ್ ತೂಗಬಹುದು ಎಂದ ಮೇಲೆ, ರೆಕ್ಕೆಯದು ಅದರಲ್ಲಿ ಸುಮಾರು ಹದಿಮೂರರಲ್ಲೊಂದು ಪಾಲು.

ವಿಮಾನವಿನ್ನೂ ಕಾಗದದ ಮೇಲಿನ ನಾಲ್ಕು ಗೆರೆಯಾಗಿದ್ದಾಗಲೇ ಈ ಲೆಕ್ಕ ಬೇಕಾಗುತ್ತದೆ. ಅಲ್ಲೊಂದು ಕಗ್ಗಂಟು. ರೆಕ್ಕೆ ಎಷ್ಟು ಹೊರಬೇಕೆಂದು ತಿಳಿಯಲು ವಿಮಾನದ ಒಟ್ಟು ತೂಕ ಗೊತ್ತಿರಬೇಕು. ಆ ಒಟ್ಟು ತೂಕದೊಳಗೆ ರೆಕ್ಕೆಯೂ ಕೂತಿದೆ. ಹಾಗಾಗಿ ಒಂದು ಅಂಕಿ ಊಹಿಸಿ ಲೆಕ್ಕ ಮಾಡುತ್ತಾರೆ, ಬಂದ ಉತ್ತರವನ್ನೇ ಊಹೆಯ ಜಾಗದಲ್ಲಿಟ್ಟು ಮತ್ತೆ ಮಾಡುತ್ತಾರೆ, ಉತ್ತರ ಅಲುಗದೆ ನಿಲ್ಲುವ ತನಕ. ರೆಕ್ಕೆಗೆ ಹತ್ತು ಕಿಲೋ ಸೇರಿದರೆ ಅದನ್ನು ಹೊರಲು ಇಂಧನ, ಚಕ್ರದ ಕಾಲು, ಎಂಜಿನ್ ಎಲ್ಲವೂ ತುಸು ತುಸು ಭಾರವಾಗುತ್ತವೆ.

ಬರೀ ಹರವು ನೋಡಿದರೆ ಸಾಲದು. ಪ್ರಯಾಣಿಕ ವಿಮಾನದ ರೆಕ್ಕೆ ತನ್ನ ವಿಮಾನದ ತೂಕದ ಎರಡೂವರೆ ಪಟ್ಟು ಬಲವನ್ನು ತಾಳಬೇಕು, ಅದರ ಮೇಲೆ ಸುರಕ್ಷತೆಗೆಂದು ಇನ್ನೂ ಒಂದೂವರೆ ಪಟ್ಟು. 79 ಟನ್ನಿನ ವಿಮಾನಕ್ಕೆ ಅದು ಸುಮಾರು 296 ಟನ್. ಇಷ್ಟು ಬಲ ರೆಕ್ಕೆಯನ್ನು ಮೇಲಕ್ಕೆ ಬಾಗಿಸುವಾಗ ಹೆಚ್ಚಿನ ಏಟು ಬೀಳುವುದು ಅದು ಒಡಲಿಗೆ ಸೇರುವ ಬುಡಕ್ಕೆ. ತಡೆಯುವುದು ಒಳಗಿನ ಸ್ಪಾರ್ ಎಂಬ ತೊಲೆ ಮತ್ತು ಹೊದಿಕೆಯ ತಗಡು. ನಮ್ಮ ಹಂಚಿನ ಮಾಡಿನ ಪಕ್ಕಾಸನ್ನು ಚಪ್ಪಟೆ ಮಲಗಿಸದೆ ನಿಲ್ಲಿಸಿ ಕೂರಿಸುವಂತೆ, ಸ್ಪಾರ್‌ಗೂ ಎತ್ತರವೇ ಬಲ. ರೆಕ್ಕೆ ತೆಳುವಾದಷ್ಟೂ ಸ್ಪಾರ್ ಗಿಡ್ಡವಾಗುತ್ತದೆ, ಅದೇ ಬಲಕ್ಕೆ ಹೆಚ್ಚು ಲೋಹ ತಿನ್ನುತ್ತದೆ. ಉದ್ದ ರೆಕ್ಕೆ ಇಂಧನ ಉಳಿಸುತ್ತದೆ ನಿಜ, ಬುಡದ ತೂಕ ಏರಿಸುತ್ತದೆ. ತೂಕದವರಿಗೂ ವಾಯುಬಲದವರಿಗೂ ಜಗಳ ಹುಟ್ಟುವುದೇ ಇಲ್ಲಿ.

ರನ್‌ವೇಯೂ ಲೆಕ್ಕದೊಳಗೆ ನುಗ್ಗುತ್ತದೆ. ಬಜ್ಪೆಯ ಹಳೆಯ ರನ್‌ವೇ ಸುಮಾರು 1,600 ಮೀಟರ್. 2006ರಲ್ಲಿ ತೆರೆದ ಹೊಸದು 2,450 ಮೀಟರ್, ಅದೂ ಗುಡ್ಡದ ನೆತ್ತಿಯ ಮೇಲೆ. ಗಿಡ್ಡ ರನ್‌ವೇಯಲ್ಲಿ ನಿಧಾನವಾಗಿ ಇಳಿಯಬೇಕಾದರೆ ಹರವು ದೊಡ್ಡದಿರಬೇಕು, ಇಲ್ಲವೇ ರೆಕ್ಕೆಯ ಹಿಂದಿನ ಅಂಚಿನಿಂದ ಕೆಳಗಿಳಿಯುವ ಫ್ಲ್ಯಾಪುಗಳು ದೊಡ್ಡವಿರಬೇಕು. ಫ್ಲ್ಯಾಪಿನ ಹಳಿ, ತಿರುಪು, ಮೋಟಾರು ಎಲ್ಲವೂ ರೆಕ್ಕೆಯ ಖಾತೆಗೇ.

ರೆಕ್ಕೆಗೆ ತೂಗುಹಾಕಿದ ಎಂಜಿನ್ ಮಾತ್ರ ಹೊರೆಯೂ ಹೌದು, ಉಪಕಾರವೂ ಹೌದು. ಗಾಳಿ ಮೇಲಕ್ಕೆ ಬಾಗಿಸುತ್ತದೆ, ಎಂಜಿನ್ ಕೆಳಕ್ಕೆ ಜಗ್ಗುತ್ತದೆ. ರೆಕ್ಕೆಯೊಳಗಿನ ಇಂಧನದ್ದೂ ಅದೇ ಕೆಲಸ. ಹಾಗಾಗಿ 737ರಲ್ಲಿ ಒಡಲಿನ ನಡುವಣ ಟ್ಯಾಂಕನ್ನು ಮೊದಲು ಖಾಲಿ ಮಾಡಿ, ರೆಕ್ಕೆಯ ಟ್ಯಾಂಕುಗಳನ್ನು ಕೊನೆಗೆ ಮುಟ್ಟುತ್ತಾರೆ.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ (ಎನ್‌ಎಎಲ್) ಕಟ್ಟಿದ ಸಾರಸ್ ವಿಮಾನಕ್ಕೆ ಎಂಜಿನ್ನುಗಳಿಂದ ಆ ಉಪಕಾರವಿಲ್ಲ. ಅದರ ಎರಡೂ ಎಂಜಿನ್ನುಗಳು ಒಡಲಿನ ಹಿಂಭಾಗದಲ್ಲಿವೆ. ಮೊದಲ ಮಾದರಿ ಹಾರಿದ್ದು 2004ರ ಮೇ 29ರಂದು. ವಿನ್ಯಾಸದಲ್ಲಿ ಗೊತ್ತುಮಾಡಿದ್ದ ತೂಕ 4,125 ಕಿಲೋ, ಕಟ್ಟಿ ಮುಗಿದಾಗ 5,118 ಕಿಲೋ. ಇಡೀ ತಪ್ಪನ್ನು ರೆಕ್ಕೆಯ ತಲೆಗೆ ಕಟ್ಟುವುದು ಅನ್ಯಾಯ. ಇಂಥ ಏರಿಕೆ ಸಾಮಾನ್ಯವಾಗಿ ನೂರು ಕಡೆಯಿಂದ ಸೋರಿ ಸೇರುತ್ತದೆ. ಎರಡನೆಯ ಮಾದರಿಯಲ್ಲಿ ಕಾಂಪೊಸಿಟ್, ಅಂದರೆ ನಾರಿನ ಪದರಗಳನ್ನು ಅಂಟಿನಲ್ಲಿ ಕೂಡಿಸಿದ, ಭಾಗಗಳನ್ನು ಹೆಚ್ಚಿಸಿ ಸುಮಾರು 400 ಕಿಲೋ ಇಳಿಸಿದರು. ಅದು 2007ರ ಏಪ್ರಿಲ್‌ನಲ್ಲಿ ಹಾರಿತು.

ಕಾಂಪೊಸಿಟ್ ಬಂದಾಗ ಸೂತ್ರವೂ ಬದಲಾಗಬೇಕು. ರೂಢಿಯ ಸೂತ್ರಗಳು ಹೆಚ್ಚಾಗಿ ಹಳೆಯ ಅಲ್ಯೂಮಿನಿಯಂ ವಿಮಾನಗಳ ತೂಕದ ಪಟ್ಟಿಯಿಂದ ಹುಟ್ಟಿದವು. ಕಾಂಪೊಸಿಟ್ ರೆಕ್ಕೆಯಾದರೆ ಬಂದ ಉತ್ತರದಲ್ಲಿ ಶೇಕಡಾ 10ರಿಂದ 15 ಕಳೆಯುವುದು ವಾಡಿಕೆ. ಹಾಗೆ ಕಳೆಯುವಾಗ ಬೋಲ್ಟು ಬೀಳುವ ಕಡೆ ಹಾಕಬೇಕಾದ ಹೆಚ್ಚಿನ ಪದರಗಳನ್ನೂ ಸಿಡಿಲಿಗೆಂದು ಹೊದಿಸುವ ತಾಮ್ರದ ಜಾಲರಿಯನ್ನೂ ಮರೆತರೆ, ಕಳೆದ ಕಿಲೋಗಳು ಕಾರ್ಖಾನೆಯ ತಕ್ಕಡಿಯಲ್ಲಿ ವಾಪಸು ಬರುತ್ತವೆ.