ಆನ್‌ಲೈನ್ ಫಾರ್ಮಿಗೆ ಇಳಕಲ್ ಬಣ್ಣ

ಆನ್‌ಲೈನ್ ಫಾರ್ಮಿನಲ್ಲಿ ಹೆಸರು, ಊರು, ಫೋನ್ ನಂಬರ್ ಕೇಳುವ ಪ್ರಶ್ನೆಗಳು ಒಂದು ಕಡೆ. ಅವು ಯಾವ ಬಣ್ಣದಲ್ಲಿ, ಯಾವ ಅಕ್ಷರದಲ್ಲಿ, ಯಾವ ಚಿತ್ರದ ಕೆಳಗೆ ಕಾಣಬೇಕು ಎಂಬುದು ಇನ್ನೊಂದು ಕಡೆ. ಈ ಎರಡನೆಯದನ್ನು ಒಟ್ಟುಮಾಡಿ ಇಟ್ಟದ್ದೇ ಥೀಮ್. ಒಮ್ಮೆ ಸಿದ್ಧಪಡಿಸಿದರೆ ಮುಂದಿನ ಫಾರ್ಮುಗಳಿಗೂ ಅದನ್ನೇ ಹಚ್ಚಬಹುದು. ರೂಪವನ್ನು ವಿಷಯದಿಂದ ಬೇರೆ ಇಡುವ ಈ ಯೋಚನೆ ಹಳೆಯದು. ನಾರ್ವೆಯ ಹೋಕೊನ್ ವಿಯುಮ್ ಲೀ 1994ರಲ್ಲಿ ವೆಬ್ ಪುಟಗಳಿಗಾಗಿ ಸಿಎಸ್‌ಎಸ್ ಎಂಬ ಪದ್ಧತಿಯನ್ನು ಮುಂದಿಟ್ಟರು. 1996ರ ಡಿಸೆಂಬರ್‌ನಲ್ಲಿ ಅದಕ್ಕೆ ಮಾನದಂಡದ ಸ್ಥಾನ ಸಿಕ್ಕಿತು. ಇಂದಿನ ಫಾರ್ಮ್ ಥೀಮುಗಳು ನಿಂತಿರುವುದು ಅದರ ಮೇಲೆಯೇ.

ಬಾಗಲಕೋಟೆ ಜಿಲ್ಲೆಯ ನೇಕಾರರಿಗೆ ಈ ಯೋಚನೆ ಕೈಗೂಡಿ ಬಹುಕಾಲವಾಯಿತು. ಇಳಕಲ್ ಸೀರೆಯ ಒಡಲು ಹತ್ತಿಯದೂ ಇರಬಹುದು, ರೇಷ್ಮೆಯದೂ ಇರಬಹುದು. ಬಣ್ಣ ಉಡುವವರ ಇಷ್ಟ. ತೋಪತೆನಿ ಸೆರಗು ಮಾತ್ರ ಬದಲಾಗದು: ಮೂರು ಕೆಂಪು ಪಟ್ಟಿ, ಅವುಗಳ ನಡುವೆ ಎರಡು ಬಿಳಿ ಪಟ್ಟಿ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಎಷ್ಟು ದೂರದಿಂದ ನೋಡಿದರೂ ಸೀರೆ ಇಳಕಲ್ಲಿನದೆಂದು ಗುರುತು ಹತ್ತುವುದು ಹೀಗೆ.

ಇಂಥ ಸೀರೆ ಮಾರುವ ಒಂದು ಅಂಗಡಿಗೆ ಆರ್ಡರ್ ಪಡೆಯಲು ಒಂದು ಫಾರ್ಮ್, ಅಭಿಪ್ರಾಯ ಕೇಳಲು ಒಂದು, ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗೆ ಮುಂಗಡ ಬುಕಿಂಗಿಗೆ ಇನ್ನೊಂದು ಬೇಕು ಎಂದುಕೊಳ್ಳಬಹುದು. ಮೂರಕ್ಕೂ ಒಂದೇ ಥೀಮ್ ಸಾಕು. ಮೇಲ್ಭಾಗದಲ್ಲಿ ಸೆರಗಿನ ಚಿತ್ರ, ಶೀರ್ಷಿಕೆಗೂ ಗುಂಡಿಗಳಿಗೂ ಗಾಢ ಕೆಂಪು, ಹಿನ್ನೆಲೆಗೆ ಬಿಳಿ. ಜಾತ್ರೆಯ ಫಾರ್ಮಿನಲ್ಲಿ ಚಿತ್ರವೊಂದನ್ನೇ ಬದಲಿಸಿದರೆ ಹಬ್ಬದ ಕಳೆ ಬರುತ್ತದೆ, ಅಂಗಡಿಯ ಗುರುತೂ ಉಳಿಯುತ್ತದೆ. ಗೂಗಲ್ ಫಾರ್ಮ್ಸ್‌ನಲ್ಲಿ ಮೇಲ್ಭಾಗದ ಜಾಗ ಅಗಲವಾಗಿ, ಗಿಡ್ಡಾಗಿ ಇರುತ್ತದೆ. ಇಡೀ ಸೀರೆಯ ಫೋಟೊ ಹಾಕಿದರೆ ಮೇಲೆ ಕೆಳಗೆ ಕತ್ತರಿಸಿಹೋಗುತ್ತದೆ. ಸೆರಗಿನ ಪಟ್ಟಿಯೊಂದನ್ನೇ ಹತ್ತಿರದಿಂದ ತೆಗೆದ ಚಿತ್ರ ಚೆನ್ನಾಗಿ ಕೂರುತ್ತದೆ.

ಬಣ್ಣದ ಮೋಹದಲ್ಲಿ ಓದು ಕೆಡಬಾರದು. ವೆಬ್ಬಿನ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ವ್ಯತ್ಯಾಸ ಕನಿಷ್ಠ 4.5:1 ಇರಬೇಕು, ದೊಡ್ಡ ಅಕ್ಷರಕ್ಕೆ 3:1 ಸಾಕು. ಗಾಢ ಕೆಂಪಿನ ಮೇಲೆ ಬಿಳಿ ಅಕ್ಷರ ಬರೆದರೆ ಇದು ಸುಮಾರು 11:1 ಆಗುತ್ತದೆ. ಅದೇ ಕೆಂಪಿನ ಮೇಲೆ ಕಪ್ಪು ಅಕ್ಷರ ಬರೆದರೆ 2:1 ಕೂಡ ಮುಟ್ಟುವುದಿಲ್ಲ. ಬಿಸಿಲಲ್ಲಿ ಫೋನ್ ಹಿಡಿದು ನಿಂತವರಿಗೆ ಏನೂ ಕಾಣಿಸದು.

ಕನ್ನಡಕ್ಕೆ ಇನ್ನೂ ಒಂದು ಎಚ್ಚರಿಕೆ ಬೇಕು. ಥೀಮಿನೊಂದಿಗೆ ಬರುವ ಎಷ್ಟೋ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳೇ ಇರುವುದಿಲ್ಲ. ಆಗ ಫೋನು ತನ್ನಲ್ಲಿರುವ ಬೇರೆ ಫಾಂಟಿನಲ್ಲಿ ಕನ್ನಡವನ್ನು ತೋರಿಸುತ್ತದೆ, ಇಂಗ್ಲಿಷ್ ಒಂದು ರೀತಿ, ಕನ್ನಡ ಒಂದು ರೀತಿ ಕಾಣುತ್ತದೆ. ಫಾಂಟನ್ನು ತಾವೇ ಸೇರಿಸಲು ಅವಕಾಶವಿದ್ದಲ್ಲಿ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡದಂಥ ಉಚಿತ ಫಾಂಟುಗಳು ಸಿಗುತ್ತವೆ. ಸಾಲುಗಳ ನಡುವೆ ಇಕ್ಕಟ್ಟಾದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ದಂಥ ಪದಗಳಿರುವ ಎರಡು ಸಾಲನ್ನು ಬರೆದು ಚಿಕ್ಕ ಫೋನಿನಲ್ಲಿ ನೋಡಿದರೆ ಥೀಮಿನ ಹಣೆಬರಹ ಗೊತ್ತಾಗುತ್ತದೆ. ಇದನ್ನು ಬಿಡುವ ಹಾಗೇ ಇಲ್ಲ.

ಥೀಮನ್ನು ಮತ್ತೆ ಬಳಸುವ ದಾರಿ ಎಲ್ಲ ಕಡೆ ಒಂದೇ ಅಲ್ಲ. ಗೂಗಲ್ ಫಾರ್ಮ್ಸ್‌ನಲ್ಲಿ ರೂಪ ಆಯಾ ಫಾರ್ಮಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಪ್ರಶ್ನೆಗಳಿಲ್ಲದ ಒಂದು ಮಾದರಿ ಫಾರ್ಮ್ ಇಟ್ಟುಕೊಂಡು, ಬೇಕಾದಾಗ ಅದರ ನಕಲು ತೆಗೆದು ಪ್ರಶ್ನೆ ತುಂಬುವುದು ಸುಲಭ. ಮುಂದೆ ಮಾದರಿಯ ಬಣ್ಣ ಬದಲಿಸಿದರೆ ಹಳೆಯ ನಕಲುಗಳು ಬದಲಾಗುವುದಿಲ್ಲ, ಒಂದೊಂದನ್ನೂ ತೆರೆದು ತಿದ್ದಬೇಕು. ಟೈಪ್‌ಫಾರ್ಮ್‌ನಂಥ ಸೇವೆಗಳಲ್ಲಿ ಥೀಮಿಗೆ ಹೆಸರು ಕೊಟ್ಟು ಪ್ರತ್ಯೇಕವಾಗಿ ಉಳಿಸಬಹುದು. ಅಲ್ಲಿ ಥೀಮ್ ತಿದ್ದಿದರೆ ಅದನ್ನು ಬಳಸಿದ ಫಾರ್ಮುಗಳೆಲ್ಲ ಒಟ್ಟಿಗೆ ಬದಲಾಗುತ್ತವೆ. ಅನುಕೂಲವೂ ಅದೇ, ಅಪಾಯವೂ ಅದೇ: ಜಾತ್ರೆಗೆಂದು ಹಾಕಿದ ಅರಿಸಿನ ಬಣ್ಣ ಆರ್ಡರ್ ಫಾರ್ಮಿಗೂ ಹತ್ತಿಬಿಡುತ್ತದೆ. ಹಬ್ಬದ ಬದಲಾವಣೆಗೆ ಥೀಮಿನ ನಕಲು ತೆಗೆದು, ಬೇರೆ ಹೆಸರು ಕೊಡುವುದೇ ಸರಿ.

ಇಳಕಲ್ ಸೀರೆಯ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ಇದೆ. ಫಾರ್ಮಿನ ರೂಪಕ್ಕೆ ಅಂಥ ಕಾವಲಿಲ್ಲ. ಅದೇ ಚಿತ್ರ, ಅದೇ ಕೆಂಪು ಹಾಕಿ ಯಾರು ಬೇಕಾದರೂ ನಕಲಿ ಫಾರ್ಮ್ ಮಾಡಬಹುದು. ಅಂಗಡಿಯವರು ಫಾರ್ಮಿನ ಕೊಂಡಿಯನ್ನು ತಮ್ಮ ಬಿಲ್ಲಿನಲ್ಲೋ ತಮ್ಮದೇ ವಾಟ್ಸ್‌ಆಪ್ ನಂಬರಿನಿಂದಲೋ ಕೊಡಬೇಕು. ತುಂಬುವವರು ಬಣ್ಣ ನೋಡಿ ನಂಬದೆ, ಕೊಂಡಿ ಎಲ್ಲಿಂದ ಬಂತೆಂದು ನೋಡಬೇಕು. ಪಾಸ್‌ವರ್ಡನ್ನಾಗಲಿ ಒಟಿಪಿಯನ್ನಾಗಲಿ ಯಾವ ಫಾರ್ಮಿನಲ್ಲೂ ಬರೆಯಬಾರದು.